ಒಂದು ಊರಿನ ನುಡಿ

(ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಐವತ್ತು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ಕುಳಿತು ಪಾಟಿಯ ಮೇಲೆ ಅಕ್ಷರ ತಿದ್ದಿದ ಹುಡುಗರಲ್ಲಿ ನಾನೂ ಒಬ್ಬನು. ಇಂದು ಇದೇ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಭಾಗ್ಯವನ್ನು ಸಂಸ್ಥೆಯವರು ನನಗೆ ಒದಗಿಸಿಕೊಟ್ಟಿರುವರು. ಅವರಿಗೆ ನಾನು ಋಣಿಯಾಗಿರುವೆನು. ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡಬೇಕೆಂದು ಅವರು ಅಪ್ಪಣೆ ಮಾಡಿದ್ದರು. ಆದರೆ ಆ ವಿಷಯವನ್ನು ನನಗಿಂತ ಬಲ್ಲವರು ಈ ವೇದಿಕೆಯಿಂದ ಅನೇಕ ಸಾರಿ ಹೇಳಿದ್ದಾರೆ. ಮಕ್ಕಳೂ ಅದನ್ನು ಪದ್ಯಗಳಲ್ಲಿ ಬಾಯಿಪಾಠ ಮಾಡಿದ್ದಾರೆ. ಆದುದರಿಂದ ಇಂದು ನಾನು ಹಿರಿಮೆಯ ಮಾತನ್ನು ಬಿಟ್ಟು, ಬಹು ದೂರದ, ಬಹು ಕಿರಿದಾದ ಒಂದು ನುಡಿಯ ವೃತ್ತಾಂತವನ್ನು ನಿಮ್ಮ ಮುಂದಿಡಲು ಬಂದಿರುವೆನು. ಆ ನುಡಿಯನ್ನಾಡುತ್ತಿದ್ದ ಊರು ಲೋಕದಲ್ಲಿ ಒಂದೇ ಒಂದು. ಆ ಊರಿನ ಕಥೆಯನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುವೆನು.

ಮೊದಲು ಮಕ್ಕಳಿಗೆ ಒಂದು ಪ್ರಶ್ನೆ. ನಮ್ಮ ಭಾಷೆಯ ಮಾತುಗಳಲ್ಲಿ ನೂರನ್ನು ಮಾತ್ರ ಇಟ್ಟುಕೊಂಡು ಉಳಿದುವನ್ನೆಲ್ಲ ಬಿಟ್ಟುಕೊಡಬೇಕೆಂದು ಯಾರಾದರೂ ಹೇಳಿದರೆ, ನೀವು ಯಾವ ನೂರನ್ನು ಇಟ್ಟುಕೊಳ್ಳುವಿರಿ? ಕುರ್ಚಿ, ದವಾಖಾನೆ, ಬಟಾಟೆ, ಬಸ್ಸು, ಇವು ಯಾವುವನ್ನೂ ಪ್ರಾಯಶಃ ಇಟ್ಟುಕೊಳ್ಳಲಾರಿರಿ. ಇವೆಲ್ಲ ನಮ್ಮ ಮನೆಗೆ ಬಂದ ಅತಿಥಿಗಳು. ಕುರ್ಚಿ ಅರಬ್ಬಿಯಿಂದ, ದವಾಖಾನೆ ಪಾರಸಿಯಿಂದ, ಬಟಾಟೆ ಪೋರ್ತುಗೀಜಿನಿಂದ, ಬಸ್ಸು ಇಂಗ್ಲಿಷಿನಿಂದ ಬಂದುವು. ಅತಿಥಿಗಳು ಬರಲಿ, ಅವರಿಂದ ಮನೆಗೆ ಶೋಭೆಯೇ. ಆದರೆ ಮನೆಯವರು ಯಾರು? ನಾನು, ನೀನು, ಅವ್ವ, ಅಪ್ಪ, ಕಣ್ಣು, ಕಿವಿ, ಕೈ, ಕಾಲು, ನೀರು, ಬೆಂಕಿ, ಕಲ್ಲು, ಮರ, ಉಣ್ಣು, ಮಲಗು, ಬಾ, ಹೋಗು, ಒಂದು, ಎರಡು, ಇವರೇ ಮನೆಯವರು. ಇವಿಲ್ಲದೆ ಒಂದು ದಿನವೂ ಸಾಗುವುದಿಲ್ಲ. ಕೂಸು ಮೊದಲು ಕಲಿಯುವುದು ಇವನ್ನೇ. ಹಣ್ಣು ಮುದುಕನು ಕೊನೆಗೆ ಮರೆಯುವುದೂ ಇವನ್ನೇ. ಭಾಷಾಶಾಸ್ತ್ರಜ್ಞರು ಇಂತಹ ಮಾತುಗಳಿಗೆ ಮೂಲಪದಗಳೆಂದು ಹೆಸರಿಟ್ಟಿರುವರು.

ಅಮೇರಿಕದ ಮಾರಿಸ್ ಸ್ವಾದೇಶ್ ಎಂಬ ಪಂಡಿತರು ೧೯೫೨ರಲ್ಲಿ ಸುಮಾರು ಇನ್ನೂರು ಮೂಲಪದಗಳ ಒಂದು ಪಟ್ಟಿಯನ್ನು ಪ್ರಕಟಿಸಿ, ೧೯೫೫ರಲ್ಲಿ ಅದನ್ನು ನೂರಕ್ಕೆ ಇಳಿಸಿದರು. ಇಂತಿಷ್ಟು ಸಾವಿರ ವರ್ಷಕ್ಕೆ ಇಂತಿಷ್ಟು ಮೂಲಪದಗಳು ಬದಲಾಗುವುವೆಂದು ಅವರು ಹಾಕಿದ ಲೆಕ್ಕವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಆ ಪಟ್ಟಿಯು ಮಾತ್ರ ಇಂದಿಗೂ ಬಳಕೆಯಲ್ಲಿದೆ. ಹೊಸದೊಂದು ನುಡಿಯನ್ನು ಕೇಳಿದ ಪಂಡಿತನು ಮೊದಲು ವಿಚಾರಿಸುವುದು ಆ ನುಡಿಯಲ್ಲಿ ಕಣ್ಣಿಗೆ ಏನೆನ್ನುವರು, ನೀರಿಗೆ ಏನೆನ್ನುವರು ಎಂಬುದನ್ನೇ.

ಇದರಿಂದಾಗುವ ಪ್ರಯೋಜನವೇನೆಂದು ಕೇಳುವಿರಾ? ನಮ್ಮ ಮನೆಯದೇ ಒಂದು ಉದಾಹರಣೆಯನ್ನು ಕೊಡುವೆನು. ನಾವು ಕಣ್ಣು ಎನ್ನುವೆವು. ತಮಿಳರು ಕಣ್ ಎನ್ನುವರು, ತೆಲುಗರು ಕನ್ನು ಎನ್ನುವರು. ನಮ್ಮ ಎರಡು ತಮಿಳಿನಲ್ಲಿ ಇರಂಡು, ಮಲೆಯಾಳದಲ್ಲಿ ರಂಡು, ತೆಲುಗಿನಲ್ಲಿ ರೆಂಡು. ಇವು ಒಂದೇ ತಾಯಿಯ ಮಕ್ಕಳೆಂದು ತಿಳಿಯಲು ಪಂಡಿತರೇ ಬೇಕೆಂದಿಲ್ಲ. ಮದ್ರಾಸಿನಲ್ಲಿ ಅಧಿಕಾರಿಯಾಗಿದ್ದ ಎಲ್ಲಿಸ್ ಎಂಬ ಆಂಗ್ಲರು ೧೮೧೬ರಲ್ಲಿಯೇ, ಇಂತಹ ಪದಗಳನ್ನು ಸಾಲಾಗಿ ಜೋಡಿಸಿಟ್ಟು, ದಕ್ಷಿಣದ ಭಾಷೆಗಳು ತಮ್ಮದೇ ಒಂದು ಕುಟುಂಬಕ್ಕೆ ಸೇರಿದುವೆಂದು ತೋರಿಸಿಕೊಟ್ಟರು. ಇನ್ನು ನಮ್ಮ ನೆರೆಯ ಮರಾಠಿಯನ್ನು ನೋಡಿರಿ. ಅಲ್ಲಿ ಕಣ್ಣಿಗೆ ಡೋಳಾ, ಎರಡಕ್ಕೆ ದೋನ್, ಮೂರಕ್ಕೆ ತೀನ್. ಅದರ ವಂಶವೇ ಬೇರೆ. ಆದರೂ ಸಾವಿರ ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದ ನೆರೆಹೊರೆಯವರು ಕೊಟ್ಟು ಕೊಂಡು ಮಾಡದೆ ಇದ್ದಾರೆಯೆ? ನಮ್ಮ ತುಪ್ಪವು ಅವರಲ್ಲಿ ತೂಪ್ ಆಗಿದೆ. ನಮ್ಮ ಅಡಕೊತ್ತು ಅವರಲ್ಲಿ ಅಡಕಿತ್ತಾ ಆಗಿದೆ. ತುಪ್ಪವನ್ನು ಕೊಡಬಹುದು, ಅಡಕೊತ್ತನ್ನು ಕೊಡಬಹುದು. ಕಣ್ಣನ್ನು ಮಾತ್ರ ಸುಲಭವಾಗಿ ಯಾರೂ ಯಾರಿಗೂ ಕೊಡುವುದಿಲ್ಲ. ಮೂಲಪದಗಳ ಬೆಲೆ ಇರುವುದು ಇಲ್ಲಿ.

ಈಗ ನಕಾಶೆಯನ್ನು ತೆಗೆದು ನನ್ನೊಡನೆ ಪೂರ್ವಕ್ಕೆ ಬನ್ನಿರಿ. ಆಸ್ಟ್ರೇಲಿಯಾ ಖಂಡದ ನೆತ್ತಿಯ ಮೇಲೆ, ದೊಡ್ಡದೊಂದು ಹಕ್ಕಿ ಕುಳಿತಂತೆ ತೋರುವ ದ್ವೀಪವೊಂದುಂಟು. ಅದು ನ್ಯೂಗಿನಿ. ಗ್ರೀನ್‌ಲೆಂಡನ್ನು ಬಿಟ್ಟರೆ ಲೋಕದ ದ್ವೀಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅದರ ಪಶ್ಚಿಮದ ಅರ್ಧವು ಇಂಡೊನೇಷಿಯಕ್ಕೆ ಸೇರಿದೆ; ಪೂರ್ವದ ಅರ್ಧವು ೧೯೭೫ರಲ್ಲಿ ಸ್ವತಂತ್ರವಾದ ಪಾಪುವಾ ನ್ಯೂಗಿನಿ ರಾಷ್ಟ್ರದ ಮುಖ್ಯ ಭಾಗವಾಗಿದೆ. ಈ ರಾಷ್ಟ್ರದ ವಿಸ್ತೀರ್ಣವು ಕರ್ನಾಟಕ ರಾಜ್ಯದ ಎರಡೂವರೆ ಪಟ್ಟಿಗೂ ಸ್ವಲ್ಪ ಕಡಮೆ. ಆದರೆ ಅಲ್ಲಿ ಆಡುವ ಭಾಷೆಗಳು ಎಂಟುನೂರಕ್ಕೂ ಹೆಚ್ಚು! ಲೋಕದಲ್ಲಿ ಬೇರೆ ಯಾವ ದೇಶದಲ್ಲಿಯೂ ಇಷ್ಟು ಭಾಷೆಗಳಿಲ್ಲ. ಬೆಟ್ಟ, ಕಮರಿ, ಜೌಗು, ದಟ್ಟಡವಿಗಳಿಂದ ಊರೂರುಗಳ ನಡುವೆ ಓಡಾಟವು ಕಷ್ಟವಾಗಿದ್ದುದು ಇದಕ್ಕೆ ಒಂದು ಕಾರಣ. ತಮ್ಮ ಊರಿನ ನುಡಿಯು ನೆರೆಯೂರಿನ ನುಡಿಗಿಂತ ಬೇರೆಯಾಗಿರುವುದೇ ಒಂದು ಗೌರವವೆಂದು ಅಲ್ಲಿಯ ಜನರು ಬಗೆದುದು ಇನ್ನೊಂದು ಕಾರಣ.

ಇವುಗಳಲ್ಲಿ ಕೆಲವು ಭಾಷೆಗಳು ಮಲಾಯಿ ಭಾಷೆಯ ಬಳಗಕ್ಕೆ ಸೇರಿದುವು. ಮಡಗಾಸ್ಕರಿನಿಂದ ಶಾಂತಸಾಗರದ ನಡುವಿನ ದ್ವೀಪಗಳವರೆಗೆ ನಾವಿಕರೊಡನೆ ಹಬ್ಬಿದ ದೊಡ್ಡ ಬಳಗವದು. ಆ ಬಳಗಕ್ಕೆ ಸೇರದೆ, ಅದಕ್ಕಿಂತ ಮೊದಲಿನಿಂದಲೂ ಆ ನೆಲದಲ್ಲಿದ್ದ ನುಡಿಗಳನ್ನೆಲ್ಲ ಪಂಡಿತರು ಪಾಪುವನ್ ಭಾಷೆಗಳೆಂದು ಕರೆಯುವರು. ಇದು ಒಂದೇ ಕುಟುಂಬದ ಹೆಸರಲ್ಲವೆಂಬುದನ್ನು ನೆನಪಿಡಬೇಕು. ಸಂತೆಗೆ ಬಂದವರೆಲ್ಲ ಒಂದೇ ಮನೆತನದವರಲ್ಲ. ಹಾಗೆಯೇ ಇವೂ ಹತ್ತಾರು ಬೇರೆ ಬೇರೆ ಕುಟುಂಬಗಳು. ಕೆಲವಕ್ಕಂತೂ ಬಂಧುಗಳೇ ಇಲ್ಲ. ಈ ನುಡಿಗಳ ಎಣಿಕೆಯ ಕ್ರಮವೂ ಬಗೆಬಗೆಯಾದುದು. ಒಕ್ಸಾಪ್ಮಿನ್ ಎಂಬ ಜನರು ಒಂದು ಕೈಯ ಹೆಬ್ಬೆರಳಿನಿಂದ ಎಣಿಸತೊಡಗಿ, ತೋಳು, ಭುಜ, ಕತ್ತು, ಕಿವಿ, ಕಣ್ಣುಗಳನ್ನು ಮುಟ್ಟುತ್ತ ಮೂಗಿಗೆ ಬಂದಾಗ ಹದಿನಾಲ್ಕು ಎನ್ನುವರು. ಇನ್ನೊಂದು ಮಗ್ಗುಲಿನಿಂದ ಇಳಿದು ಆ ಕೈಯ ಕಿರುಬೆರಳಿಗೆ ಬಂದಾಗ ಇಪ್ಪತ್ತೇಳು. ಅವರ ಅಂಗಾಂಗಗಳ ಹೆಸರುಗಳೇ ಅವರ ಮಗ್ಗಿ!

ಪಾಪುವನ್ ನುಡಿಗಳಲ್ಲಿ ಒಂದರ ಗತಿಯನ್ನು ಮೊದಲು ಹೇಳುವೆನು. ಅದರಿಂದ ಪದಪಟ್ಟಿಯೆಂದರೇನು, ಭಾಷೆಯೆಂದರೇನು ಎಂಬ ಭೇದವು ನಿಮಗೆ ತಿಳಿಯುವುದು. ನ್ಯೂಗಿನಿಯಿಂದ ಬಹು ದೂರ ಪಶ್ಚಿಮಕ್ಕೆ, ಜಾವಾದ ಪೂರ್ವದಲ್ಲಿ, ಸುಂಬಾವಾ ಎಂಬ ದ್ವೀಪವಿದೆ. ಅಲ್ಲಿ ತಂಬೋರಾ ಎಂಬ ಬೆಟ್ಟ. ಬೆಟ್ಟದ ಬುಡದಲ್ಲಿ ಅದೇ ಹೆಸರಿನ ಒಂದು ಚಿಕ್ಕ ಸಂಸ್ಥಾನವಿದ್ದಿತು. ಆಗ ಜಾವಾ ದೇಶವು ಆಂಗ್ಲರ ಕೈಯಲ್ಲಿದ್ದಿತು. ರಾಫಲ್ಸ್ ಎಂಬವರು ಅದನ್ನು ಆಳುತ್ತಿದ್ದರು. ಅವರಿಗೆ ಭಾಷೆಗಳಲ್ಲಿ ಆಸಕ್ತಿ. ಸುತ್ತಲಿನ ದ್ವೀಪಗಳ ನುಡಿಗಳಿಂದ ಮೂಲಪದಗಳನ್ನು ಕೂಡಿಸಿ ತಮ್ಮ ಜಾವಾ ಇತಿಹಾಸದ ಗ್ರಂಥದಲ್ಲಿ ೧೮೧೭ರಲ್ಲಿ ಅಚ್ಚುಹಾಕಿಸಿದರು. ಅದರಲ್ಲಿ ತಂಬೋರಾ ನುಡಿಯ ನಲವತ್ತೆಂಟು ಮಾತುಗಳಿವೆ.

ಆದರೆ ಆ ಗ್ರಂಥವು ಹೊರಬೀಳುವ ವೇಳೆಗೆ ಆ ಮಾತುಗಳನ್ನಾಡುವ ಸಂಸ್ಥಾನವೇ ಉಳಿದಿರಲಿಲ್ಲ. ೧೮೧೫ರ ಏಪ್ರಿಲ್ ತಿಂಗಳಲ್ಲಿ ತಂಬೋರಾ ಬೆಟ್ಟವು ಬೆಂಕಿಯುಗುಳಿತು. ಆ ಸದ್ದು ಜಾವಾದಲ್ಲಿ ಕೇಳಿಸಿದಾಗ ಎಲ್ಲಿಯೋ ತೋಪು ಹಾರುತ್ತಿರುವುದೆಂದು ಬಗೆದು ಯೋಗ್ಯಕರ್ತದಿಂದ ಸೈನ್ಯವು ಹೊರಟಿತಂತೆ. ಬೂದಿಯು ಆಕಾಶಕ್ಕೇರಿ ಸೂರ್ಯನ ಬಿಸಿಲನ್ನೇ ಕುಗ್ಗಿಸಿದುದರಿಂದ, ಮರುವರ್ಷ ಯೂರೋಪಿನಲ್ಲಿಯೂ ಅಮೇರಿಕದಲ್ಲಿಯೂ ಬೇಸಗೆಯೇ ಬಾರದೆ ಬೆಳೆಗಳು ಕೆಟ್ಟುವು. ಹತ್ತಾರು ಸಾವಿರ ಜನರು ಸತ್ತರು. ತಂಬೋರಾ ಸಂಸ್ಥಾನವು ಬೂದಿಯ ಕೆಳಗೆ ಹೂತುಹೋಯಿತು. ೨೦೦೪ರಲ್ಲಿ ಅಗೆದು ನೋಡಿದವರಿಗೆ ಒಂದು ಮನೆ, ಕಂಚಿನ ಪಾತ್ರೆಗಳು, ಮಣ್ಣಿನ ಗಡಿಗೆಗಳು, ಇಬ್ಬರು ಮನುಷ್ಯರ ಅಸ್ಥಿಗಳು ದೊರೆತುವು.

ಆ ನಲವತ್ತೆಂಟು ಮಾತುಗಳನ್ನು ಮಾರ್ಕ್ ಡೊನೊಹ್ಯೂ ಎಂಬ ವಿದ್ವಾಂಸರು ೨೦೦೭ರಲ್ಲಿ ಪುನಃ ಶೋಧಿಸಿ, ತಂಬೋರಾ ನುಡಿಯು ಮಲಾಯಿ ಬಳಗದ್ದಲ್ಲ, ಅದೊಂದು ಪಾಪುವನ್ ನುಡಿಯೆಂದು ನಿರ್ಣಯಿಸಿದರು. ಮಲಾಯಿಯಲ್ಲಿ ಒಂದು, ಎರಡು, ಮೂರಕ್ಕೆ ಸಾತು, ದುವಾ, ತಿಗಾ ಎನ್ನುವರು. ತಂಬೋರಾದವರು ಸೀನಾ, ಕಲಾಯೆ, ನಿಹ್ ಎನ್ನುತ್ತಿದ್ದರು. ಸೂರ್ಯನಿಗೆ ಇಂಗ್‌ಕೊಂಗ್, ನಕ್ಷತ್ರಕ್ಕೆ ಕಿಂಗ್‌ಕೊಂಗ್. ನೋಡಿರಿ, ಸತ್ತ ನುಡಿಯೊಂದರ ಕುಲವನ್ನು ಗುರುತಿಸುವಷ್ಟು ಶಕ್ತಿ ಮೂಲಪದಗಳಿಗಿದೆ. ಆದರೆ ಇಷ್ಟೇ ನಮಗೆ ಉಳಿದಿರುವುದು. ಆ ಜನರು ಹತ್ತರವರೆಗೆ ಹೇಗೆ ಎಣಿಸುತ್ತಿದ್ದರೆಂದು ಬಲ್ಲೆವು. ಅವರಲ್ಲಿ ತಾಯಿಯು ಮಗುವನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಳೆಂದು ಅರಿಯೆವು. ಅವರಾಡಿದ ಒಂದು ಪೂರ್ಣ ವಾಕ್ಯವೂ ನಮ್ಮಲ್ಲಿಲ್ಲ. ಪಟ್ಟಿಯು ಬೀಜದ ಚಿತ್ರವಿದ್ದಂತೆ. ಅದನ್ನು ಬಿತ್ತಿದರೆ ಬೆಳೆಯು ಬಾರದು.

ತಂಬೋರಾ ನುಡಿಯು ದೈವವಶದಿಂದ ಅಳಿಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಈಗ ಬೆಂಕಿಯೂ ಇಲ್ಲದೆ, ಯುದ್ಧವೂ ಇಲ್ಲದೆ, ಯಾರ ಬಲಾತ್ಕಾರವೂ ಇಲ್ಲದೆ ಅಳಿಯುತ್ತಿರುವ ಇನ್ನೊಂದು ಪಾಪುವನ್ ನುಡಿಯ ಕಥೆಗೆ ಬರುವೆನು. ನಾನು ಮೊದಲು ಹೇಳಿದ ಒಂದೇ ಊರಿನ ನುಡಿ ಇದುವೇ.

ಪಾಪುವಾ ನ್ಯೂಗಿನಿಯ ಉತ್ತರದಲ್ಲಿ ಸೇಪಿಕ್ ಎಂಬ ಮಹಾನದಿಯು ಸಮುದ್ರವನ್ನು ಸೇರುವುದು. ಅದರ ಕೆಳದಂಡೆಯಿಂದಾಚೆ ಜೌಗು ನೆಲದ ನಡುವೆ, ದಟ್ಟವಾದ ಅಡವಿಯಲ್ಲಿ, ಗಾಪುನ್ ಎಂಬ ಗ್ರಾಮವಿದ್ದಿತು. ಅಲ್ಲಿಗೆ ರಸ್ತೆಯಿರಲಿಲ್ಲ; ದೋಣಿಯಲ್ಲಿ ಹೋಗಿ, ಮುಂದೆ ಕೆಸರು ತುಳಿಯುತ್ತ ನಡೆಯಬೇಕಾಗಿದ್ದಿತು. ಆ ಜನರ ಮುಖ್ಯ ಆಹಾರವು ಸಾಗೋ. ಸಾಗೋ ಎಂಬುದೊಂದು ತಾಳೆಯ ಜಾತಿಯ ಮರ. ಅದನ್ನು ಕಡಿದು, ಒಳಗಿನ ತಿರುಳನ್ನು ಕುಟ್ಟಿ, ನೀರಿನಲ್ಲಿ ತೊಳೆದು, ಕೆಳಗೆ ನಿಂತ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿದರೆ ಅಂಟಂಟಾದ ಅಂಬಲಿಯಂತಾಗುವುದು. ಅದಕ್ಕೆ ಅವರು ಮುಮ್ ಎನ್ನುವರು. ನಮಗೆ ಜೋಳದ ರೊಟ್ಟಿಯಿದ್ದಂತೆ ಅವರಿಗೆ ಮುಮ್.

ಅವರ ನುಡಿಯ ಹೆಸರು ತಾಯಪ್. ನುಡಿಗೆ ಅವರು ಮೇರ್ ಎನ್ನುವುದರಿಂದ ತಾಯಪ್ ಮೇರ್ ಎಂದೂ ಹೇಳುವರು. ಹೆಸರನ್ನು ಕೇಳಿ ಕೆಲವರಿಗೆ ನಮ್ಮ ತಾಯಿಯ ನೆನಪು ಬರಬಹುದು. ಅದು ಬರಿಯ ಆಕಸ್ಮಿಕ. ಒಂದು ಮಾತು ಹೋಲಿದ ಮಾತ್ರಕ್ಕೆ ಸಂಬಂಧವನ್ನು ಹೇಳಬಾರದೆಂಬುದು ಪದಪಟ್ಟಿಯ ಮೊದಲ ಪಾಠ. ತಲೆಗೆ ಕೊಕಿರ್, ಕಿವಿಗೆ ನೆಕೆ, ನೀರಿಗೆ ಅವಿನ್, ಬೆಂಕಿಗೆ ಒತಾರ್, ಇವು ತಾಯಪ್ ನುಡಿಯ ಕೆಲವು ಮೂಲಪದಗಳು. ಇವುಗಳನ್ನು ಸುತ್ತಲಿನ ನುಡಿಗಳ ಪಟ್ಟಿಗಳೊಡನೆ ಹೋಲಿಸಿ ನೋಡಿದ ವಿದ್ವಾಂಸರಿಗೆ ತಾಯಪ್ ನುಡಿಯ ಸೋದರಿಯೊಬ್ಬಳೂ ಕಾಣಿಸಲಿಲ್ಲ. ಅದು ಒಂಟಿ ನುಡಿ.

ಈ ನುಡಿಯನ್ನು ಮೊದಲು ಬರೆದುಕೊಂಡವರು ಗೆಯೋರ್ಗ್ ಹೋಲ್ಟ್‌ಕರ್ ಎಂಬ ಜರ್ಮನ್ ಪಾದ್ರಿಗಳು. ೧೯೩೭ರಲ್ಲಿ ಗಾಪುನಿಗೆ ಬಂದು, ಅಲ್ಪಕಾಲ ಮಾತ್ರ ಇದ್ದು, ೧೨೫ ಮಾತುಗಳನ್ನು ಬರೆದುಕೊಂಡು, ಮರುವರ್ಷ ಪ್ರಕಟಿಸಿದರು. ಅನಂತರ ಬಹುಕಾಲ ಯಾವ ಪಂಡಿತನೂ ಅಲ್ಲಿ ನೆಲೆನಿಂತು ಆ ನುಡಿಯನ್ನು ಅಭ್ಯಾಸ ಮಾಡಲಿಲ್ಲ. ೧೯೮೦ರ ದಶಕದ ನಡುವೆ ಡಾನ್ ಕುಲಿಕ್ ಎಂಬ ಮಾನವಶಾಸ್ತ್ರಜ್ಞರು ಗಾಪುನಿಗೆ ಹೋಗಿ, ಒಂದು ವರ್ಷಕ್ಕೂ ಮಿಕ್ಕು ಆ ಜನರೊಡನೆ ವಾಸಮಾಡಿದರು. ಮುಂದೆಯೂ ಮೂವತ್ತು ವರ್ಷಗಳ ಕಾಲ ಮತ್ತೆ ಮತ್ತೆ ಹೋಗಿಬಂದರು. ಅವರು ಏಂಜೆಲಾ ಟೆರಿಲ್ ಎಂಬ ವಿದುಷಿಯೊಡನೆ ಸೇರಿ ರಚಿಸಿದ ತಾಯಪ್ ನುಡಿಯ ವ್ಯಾಕರಣವೂ ನಿಘಂಟೂ ೨೦೧೯ರಲ್ಲಿ ಹೊರಬಂದಿತು. ೧೨೫ ಮಾತುಗಳ ಪಟ್ಟಿಯು ದೊಡ್ಡದೊಂದು ಗ್ರಂಥವಾಗಿ ಬೆಳೆಯಿತು. ಆದರೆ ಗ್ರಂಥವು ಬೆಳೆದಂತೆ ನುಡಿಯು ಕುಗ್ಗಿತು. ಕುಲಿಕರು ಮೊದಲು ಹೋದಾಗ ಆ ಊರಿನಲ್ಲಿ ಸುಮಾರು ನೂರು ಜನರಿದ್ದರು; ಅವರಲ್ಲಿ ಬಹುಮಂದಿ ತಾಯಪ್ ನುಡಿಯನ್ನು ಆಡಬಲ್ಲವರಾಗಿದ್ದರು. ಮುಂದೆ ಊರು ಬೆಳೆದು ಜನಸಂಖ್ಯೆ ಇನ್ನೂರಾಯಿತು. ತಾಯಪ್ ಆಡುವವರು ಮಾತ್ರ ಐವತ್ತಕ್ಕಿಂತ ಕಡಮೆಯಾದರು. ಜನ ಇಮ್ಮಡಿಯಾದರು, ನುಡಿ ಅರ್ಧವಾಯಿತು. ಇದು ಹೇಗಾಯಿತು?

ಆ ದೇಶದಲ್ಲಿ ಟೋಕ್ ಪಿಸಿನ್ ಎಂಬ ಒಂದು ಬಳಕೆಯ ಭಾಷೆಯಿದೆ. ತೋಟಗಳಲ್ಲಿ ಕೂಲಿ ಮಾಡಲು ನಾನಾ ಕಡೆಯಿಂದ ಬಂದವರು ಒಬ್ಬರೊಡನೊಬ್ಬರು ಮಾತನಾಡಲು ಬೆಳೆಸಿಕೊಂಡ ಭಾಷೆ ಅದು. ಅದರ ಪದಗಳು ಬಹುಮಟ್ಟಿಗೆ ಇಂಗ್ಲಿಷಿನವು, ಜೋಡಣೆ ಆ ನೆಲದ್ದು. ನೀರಿಗೆ ಅದರಲ್ಲಿ ವಾರಾ ಎನ್ನುವರು. ಮೊದಲ ಮಹಾಯುದ್ಧದ ಕಾಲದಲ್ಲಿ ಗಾಪುನಿನ ಗಂಡಸರು ದೂರದ ತೆಂಗಿನ ತೋಟಗಳಿಗೆ ಹೋಗಿ, ಕಬ್ಬಿಣದ ಕತ್ತಿ, ಬಟ್ಟೆಗಳೊಡನೆ ಈ ಭಾಷೆಯನ್ನೂ ಊರಿಗೆ ತಂದರು. ಇದರಲ್ಲಿ ತಪ್ಪೇನೂ ಇಲ್ಲ. ಗಾಪುನಿನ ಹಿರಿಯರು ಹಿಂದಿನಿಂದಲೂ ನೆರೆಯೂರುಗಳ ಎರಡು ಮೂರು ನುಡಿಗಳನ್ನು ಕಲಿತವರೇ ಆಗಿದ್ದರು. ಪರಭಾಷೆಯನ್ನು ಕಲಿತುದರಿಂದ ಅವರ ತಾಯಪ್ ಎಂದೂ ಕೆಟ್ಟಿರಲಿಲ್ಲ. ಈ ಮಾತನ್ನು ಪಾಲಕರು ವಿಶೇಷವಾಗಿ ಗಮನಿಸಬೇಕೆಂದು ಬೇಡುವೆನು.

ಆದರೆ ಕಾಲಕ್ರಮದಲ್ಲಿ ಜನರ ಮನಸ್ಸಿನಲ್ಲಿ ಒಂದು ಭಾವನೆ ಬೇರೂರಿತು. ಟೋಕ್ ಪಿಸಿನ್ ಎಂದರೆ ತಿಳಿವಳಿಕೆ, ದೇವಾಲಯ, ಪಟ್ಟಣ, ಮುಂದುವರಿಕೆ. ತಾಯಪ್ ಎಂದರೆ ಹಳೆಯ ಕಾಲ, ಅಡವಿ, ಹಟಮಾರಿತನ. ಗಾಪುನಿನವರ ನಂಬಿಕೆಯಂತೆ, ಹಸುಳೆಯು ತೊದಲಿ ಆಡುವ ಮೊದಲ ಮಾತು ಓಕಿ. ನಾನು ಇಲ್ಲಿಂದ ಹೊರಟೆ ಎಂದು ಅದರ ಅರ್ಥ. ಕೂಸು ಯಾರ ಮಾತನ್ನೂ ಕೇಳದ ಸ್ವತಂತ್ರ ಜೀವಿಯಾಗಿಯೇ ಹುಟ್ಟುವುದೆಂದು ಅವರು ತಿಳಿದಿರುವರು. ಅಂತಹ ಹಟದ ಕೂಸಿಗೆ ಬುದ್ಧಿ ಬರಬೇಕಾದರೆ ಬುದ್ಧಿಯ ಭಾಷೆಯಲ್ಲಿಯೇ ಮಾತನಾಡಬೇಕಲ್ಲವೆ?

ಕುಲಿಕರು ಊರಿನ ತಾಯಿತಂದೆಗಳನ್ನು ವಿಚಾರಿಸಿದಾಗ ಅವರೆಲ್ಲರೂ ತಮ್ಮ ಮಕ್ಕಳು ತಾಯಪ್ ಕಲಿಯಬೇಕೆಂದೇ ಹೇಳಿದರು. ತಾವು ಮಕ್ಕಳೊಡನೆ ತಾಯಪ್‌ನಲ್ಲಿಯೇ ಮಾತನಾಡುತ್ತಿರುವೆವೆಂದೂ, ಮಕ್ಕಳೇ ಮೊಂಡರಾಗಿ ಅದನ್ನಾಡಲು ಒಲ್ಲೆವೆನ್ನುವರೆಂದೂ ದೂರಿದರು. ಅವರು ಸುಳ್ಳು ಹೇಳುವವರಲ್ಲ. ಹಾಗೆಂದು ನಿಜವಾಗಿಯೂ ನಂಬಿದ್ದರು. ಆದರೆ ಕುಲಿಕರು ಮನೆಗಳಲ್ಲಿ ಆಡಿದ ಮಾತುಗಳನ್ನು ಯಂತ್ರದಲ್ಲಿ ಹಿಡಿದಿಟ್ಟು ಕೇಳಿ ನೋಡಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ತಾಯಿಯು ಮಗುವಿಗೆ ಒಂದು ಮಾತನ್ನು ತಾಯಪ್‌ನಲ್ಲಿ ಹೇಳುವಳು. ಮಗುವು ಲಕ್ಷ್ಯ ಕೊಡದಿದ್ದರೆ ಅದನ್ನೇ ಟೋಕ್ ಪಿಸಿನ್‌ನಲ್ಲಿ ಮತ್ತೊಮ್ಮೆ, ಮಗುದೊಮ್ಮೆ ಹೇಳುವಳು. ಮಗುವು ಕಾದಿದ್ದು ಎರಡನೆಯದಕ್ಕೆ ಓಗೊಡುವುದು. ಮೊದಲನೆಯ ಮಾತು ಕೇಳದೆ ಇದ್ದರೂ ನಡೆಯುವುದೆಂದು ಅದು ಕಲಿತುಕೊಂಡಿತು. ದೊಡ್ಡವರು ತಮ್ಮ ತಮ್ಮೊಳಗೆ ತಾಯಪ್ ಆಡುತ್ತಿದ್ದರು. ಮಗುವಿನ ಕಡೆಗೆ ತಿರುಗಿದೊಡನೆ ನಾಲಗೆಯೂ ತಿರುಗುತ್ತಿದ್ದಿತು. ೧೯೮೭ರ ವೇಳೆಗೆ ಆ ಊರಿನಲ್ಲಿ ಹತ್ತು ವರ್ಷದೊಳಗಿನ ಒಂದು ಮಗುವೂ ತಾಯಪ್ ಆಡುತ್ತಿರಲಿಲ್ಲ. ಯಾರೂ ನಿಷೇಧಿಸಲಿಲ್ಲ, ಯಾರೂ ನಿರ್ಧರಿಸಲಿಲ್ಲ. ನುಡಿಯು ಮನೆಯಿಂದ ಹೊರಟುಹೋದುದು ಮನೆಯವರಿಗೇ ತಿಳಿಯಲಿಲ್ಲ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಮನಕರಗಿಸುವಂತಹುದು. ಮುಂದಿನ ವರ್ಷಗಳಲ್ಲಿ ಕುಲಿಕರು ಊರಿನ ತರುಣ ತರುಣಿಯರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ತಾಯಪ್‌ನಲ್ಲಿ ಒಂದು ಕಥೆ ಹೇಳಿರೆಂದರು. ಒಂದು ಮಾತೂ ಬಾರದೆಂದು ಎಲ್ಲರೂ ತಿಳಿದಿದ್ದ ಹಲವರು, ತಡವರಿಸಿದರೂ, ಕಥೆಯನ್ನು ಹೇಳಿ ಮುಗಿಸಿದರು! ಅವರ ಎದೆಯಲ್ಲಿ ನುಡಿಯಿದ್ದಿತು. ತುಟಿಗೆ ಮಾತ್ರ ಬರುತ್ತಿರಲಿಲ್ಲ. ಏಕೆ? ಆಡಿದರೆ ತಪ್ಪಾಗುವುದು, ತಪ್ಪಾದರೆ ಹಿರಿಯರು ನಗುವರು ಎಂಬ ನಾಚಿಕೆ. ತಾಯಪ್ ಕ್ರಿಯಾಪದಗಳ ರೂಪಗಳು ಬಹಳ ತೊಡಕಾದುವು. ಕಲಿಯುವವನು ಎಡವದೆ ಇರನು. ಎಡವಿದವನನ್ನು ಕೈಹಿಡಿದೆತ್ತುವ ಬದಲು ಅಣಕಿಸಿದುದರಿಂದ, ಅವನು ನಡೆಯುವುದನ್ನೇ ಬಿಟ್ಟನು. ಅಡವಿಯ ಮರಗಳ, ಹಕ್ಕಿಗಳ ಹೆಸರುಗಳನ್ನು ಮುದುಕರು ಬಲ್ಲರು; ಮೊಮ್ಮಕ್ಕಳಿಗೆ ಅವೆಲ್ಲ ಬರಿಯ ಮರ, ಬರಿಯ ಹಕ್ಕಿ.

ಪಾಲಕ ಬಂಧುಗಳೆ, ಈ ಕಥೆಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಮೊದಲೇ ಹೇಳಿದೆನಷ್ಟೆ. ಮರುದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಮಾತನ್ನು ನಾನೇ ಕಿವಿಗೊಟ್ಟು ಕೇಳಬೇಕೆಂದು ಸಂಕಲ್ಪಿಸಿದೆನು. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಅವಳು ಆಡುವುದು ಬಹುಮಟ್ಟಿಗೆ ಮರಾಠಿ. ಏನು ಮಾಡುವುದು, ಕೂಸಿಗೆ ಓಣಿಯ ಮಕ್ಕಳ ಸಹವಾಸ, ನಾವು ಕನ್ನಡದಲ್ಲಿಯೇ ಮಾತನಾಡಿಸಿದರೂ ಕೇಳುವುದಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಂಡವನು ನಾನು. ಆ ದಿನ ಬೆಳಗ್ಗೆ ಅವಳು ಅಂಗಳದಲ್ಲಿ ಆಡುತ್ತಿದ್ದಳು. ಬಾರವ್ವ ಇಲ್ಲಿ ಎಂದು ಕರೆದೆನು. ಅವಳು ತಿರುಗಿ ನೋಡಲಿಲ್ಲ. ಒಡನೆಯೇ ನನ್ನ ಬಾಯಿಂದ, ಇಕಡೇ ಯೇ ಎಂಬ ಮಾತು ತಾನಾಗಿ ಹೊರಬಿದ್ದಿತು. ಅವಳು ಓಡಿಬಂದಳು. ನೀರು ಬೇಕೇನು ಎಂದೆನು. ಉತ್ತರಕ್ಕೆ ಕಾಯದೆ ಪಾಣೀ ಎಂದು ನಾನೇ ಸೇರಿಸಿದೆನು. ಸಂಜೆಯ ಹೊತ್ತಿಗೆ ಇಂತಹ ಎಷ್ಟು ಮಾತುಗಳಾದುವೆಂಬ ಲೆಕ್ಕವನ್ನು ಬಿಟ್ಟುಬಿಟ್ಟೆನು. ಹಟವು ಕೂಸಿನದಾಗಿರಲಿಲ್ಲ. ಅವಸರವು ನನ್ನದಾಗಿದ್ದಿತು. ಗಾಪುನ್ ಗ್ರಾಮವು ಸೇಪಿಕ್ ನದಿಯ ಆಚೆ ಮಾತ್ರವಿದ್ದುದಲ್ಲ, ನನ್ನ ಮನೆಯ ಕಟ್ಟೆಯ ಮೇಲೂ ಇದೆಯೆಂದು ಆ ದಿನ ಅರಿತೆನು.

ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು. ಮರಾಠಿಯು ನಮ್ಮ ರಾಜ್ಯದ ಭಾಷೆ, ನಮ್ಮ ನೆರೆಯವರ ಹೃದಯದ ಭಾಷೆ, ಸಂತರ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಇಂಗ್ಲಿಷನ್ನೂ ಹಿಂದಿಯನ್ನೂ ಕಲಿಯಬೇಕು. ಗಾಪುನಿನ ಹಳೆಯ ಹಿರಿಯರು ಮೂರು ನಾಲ್ಕು ನುಡಿಗಳನ್ನು ಬಲ್ಲವರಾಗಿಯೂ ತಮ್ಮದನ್ನು ಕಳೆದುಕೊಳ್ಳಲಿಲ್ಲವೆಂಬುದನ್ನು ಆಗಲೇ ಹೇಳಿರುವೆನು. ಹೊಸ ನುಡಿಯು ಬಂದುದರಿಂದ ಹಳೆಯದು ಹೋಗುವುದಿಲ್ಲ. ಮಗುವಿನ ಕಡೆಗೆ ತಿರುಗಿದಾಗ ನಮ್ಮ ನಾಲಗೆಯು ತಿರುಗುವುದರಿಂದ ಹೋಗುವುದು.

ಹಾಗೆಯೇ ಕನ್ನಡವು ಅಳಿದುಹೋಗುವುದೆಂದು ಹೆದರಿಸಲು ನಾನು ಬಂದಿಲ್ಲ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಮಿಕ್ಕು. ಲಿಪಿಯಿದೆ, ಸಾಹಿತ್ಯವಿದೆ, ನಮ್ಮ ಅಕ್ಕಲಕೋಟೆಯ ಸೀಮೆಯಲ್ಲಿ ಇಂತಹ ಶಾಲೆಗಳಿವೆ. ಇವು ಯಾವುವೂ ಇಲ್ಲದ ತಾಯಪ್ ನುಡಿಗೂ ನಮ್ಮದಕ್ಕೂ ಹೋಲಿಕೆಯೇ ಇಲ್ಲವೆನ್ನಬಹುದು. ಆದರೆ ಕೋಟಿ ಜನರಿರುವುದು ಲೆಕ್ಕದ ಪುಸ್ತಕದಲ್ಲಿ. ಒಂದು ಮನೆಯ ಮಟ್ಟಿಗೆ ನೋಡಿದರೆ ಎಲ್ಲ ನುಡಿಗಳೂ ತಾಯಪ್‌ನಷ್ಟೇ ಚಿಕ್ಕವು. ಮನೆಯಲ್ಲಿ ಐದು ಜನರಿದ್ದರೆ ಅಲ್ಲಿ ಕನ್ನಡಕ್ಕಿರುವವರು ಐದ್ವರೇ. ಆ ಐವರು ಬಿಟ್ಟುಕೊಟ್ಟರೆ ಉಳಿದ ನಾಲ್ಕು ಕೋಟಿ ಜನರು ಬಂದು ಆ ಮನೆಯಲ್ಲಿ ಆಡಲಾರರು. ಶಾಲೆಯು ಅಕ್ಷರವನ್ನು ಕಲಿಸಬಲ್ಲದು, ಛಂದಸ್ಸನ್ನು ಕಲಿಸಬಲ್ಲದು. ಬಾ, ಉಣ್ಣು, ಮಲಗು ಎಂಬ ಮಾತುಗಳನ್ನು ಮನೆಯೇ ಕಲಿಸಬೇಕು.

ಆದುದರಿಂದ ಪಾಲಕರಲ್ಲಿ ನನ್ನ ವಿಜ್ಞಾಪನೆಗಳು ಎರಡು. ಮಗುವನ್ನು ಕನ್ನಡದಲ್ಲಿ ಕರೆದಾಗ ಅದು ಓಗೊಡದಿದ್ದರೆ, ಇನ್ನೊಮ್ಮೆ ಕನ್ನಡದಲ್ಲಿಯೇ ಕರೆಯಿರಿ, ಸ್ವಲ್ಪ ತಾಳಿರಿ. ಎರಡನೆಯದು, ಮಗುವು ತಪ್ಪು ಕನ್ನಡವನ್ನಾಡಿದರೆ ನಗಬೇಡಿರಿ. ಸರಿಯಾದ ರೂಪವನ್ನು ನಿಮ್ಮ ಮರುಮಾತಿನಲ್ಲಿ ಸೇರಿಸಿ ಹೇಳಿದರೆ ಸಾಕು. ತಪ್ಪು ಆಡುವ ಮಗುವು ನಾಳೆ ಸರಿಯಾಗಿ ಆಡುವುದು. ನಾಚಿ ಸುಮ್ಮನಾದ ಮಗುವು ಆಡಲಾರದು.

ಮಕ್ಕಳೆ, ನಿಮಗೂ ಒಂದು ಕೆಲಸವನ್ನು ಕೊಟ್ಟುಹೋಗುವೆನು. ಈ ರಜೆಯಲ್ಲಿ ಒಂದು ನೋಟುಬುಕ್ಕನ್ನು ತೆಗೆದುಕೊಂಡು ನಿಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ನೂರು ಮಾತುಗಳನ್ನು ಬರೆದುಕೊಳ್ಳಿರಿ. ಮೈಯ ಅಂಗಗಳು, ಅಡಿಗೆಯ ಮನೆಯ ವಸ್ತುಗಳು, ಬಳಗದವರನ್ನು ಕರೆಯುವ ಮಾತುಗಳು, ಹೊಲದ ಮಾತುಗಳು, ಹೀಗೆ ನಾಲ್ಕು ಭಾಗ ಮಾಡಿರಿ. ಕೂರಿಗೆಯೆಂದರೇನು, ಕುಂಟೆಯೆಂದರೇನು, ಹಂತಿಯನ್ನು ಹೇಗೆ ಹೂಡುತ್ತಿದ್ದರು, ಸೀತನಿಯನ್ನು ಎಂದು ತಿನ್ನುತ್ತಿದ್ದರು ಎಂದು ಕೇಳಿರಿ. ಗಾಪುನಿನ ಮಕ್ಕಳಿಗೆ ಹಕ್ಕಿಗಳ ಹೆಸರು ಮರೆತಂತೆ ನಿಮಗೆ ಇವು ಮರೆಯುತ್ತಿವೆ. ಆದರೆ ತಂಬೋರಾದ ಪಾಠವನ್ನು ಮರೆಯಬೇಡಿರಿ. ಬರೆದಿಟ್ಟ ಪಟ್ಟಿಯೇ ಭಾಷೆಯಲ್ಲ. ಕೇಳಿ ಬರೆದ ಪ್ರತಿಯೊಂದು ಮಾತನ್ನೂ ಅದೇ ದಿನ ಅಜ್ಜಿಯೊಡನೆ ಒಂದು ಸಾರಿಯಾದರೂ ಆಡಿರಿ. ಬರೆದುಕೊಂಡುದು ಪುಸ್ತಕದಲ್ಲಿ ಉಳಿಯುವುದು. ಆಡಿದುದು ನಿಮ್ಮಲ್ಲಿ ಉಳಿಯುವುದು.

ನನ್ನ ಮೊಮ್ಮಗಳ ವಿಷಯವನ್ನು ಹೇಳಿ ಮುಗಿಸುವೆನು. ಈಗ ಆರು ತಿಂಗಳಿನಿಂದ ನಾನು ಎರಡನೆಯ ಸಾರಿಯೂ ಕನ್ನಡದಲ್ಲಿಯೇ ಕರೆಯುತ್ತಿರುವೆನು. ಮೊದಮೊದಲು ಅವಳು ಬರಲಿಲ್ಲ. ನಾನೇ ಎದ್ದು ಹೋಗುತ್ತಿದ್ದೆನು. ಮೊನ್ನೆ ನಾನು ಚಾವಡಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದಾಗ ಅವಳೇ ಬಂದು, ಅಜ್ಜಾ, ನೀರು ಕೊಡು ಎಂದಳು. ನಾನು ಕೊಟ್ಟೆನು. ಅವಳು ಕುಡಿದು ಆಟಕ್ಕೆ ಓಡಿದಳು. ಅವಳ ಮಟ್ಟಿಗೆ ಅದೊಂದು ಸಾಮಾನ್ಯ ಸಂಗತಿ. ಹಾಗಿರುವುದೇ ಒಳ್ಳೆಯದು.